ತೂತಾದ ತಮಟೆಗೆ ತೇಪೆ

ಮಕ್ಕಳೇ, ಆಡುವಾಗ ಬಿದ್ದು ಮೊಣಕಾಲು ತರಚಿದರೆ ಏನಾಗುತ್ತದೆ? ಒಂದೆರಡು ದಿನ ಉರಿ, ಆಮೇಲೆ ಹಕ್ಕಳೆ, ವಾರ ಕಳೆಯುವಷ್ಟರಲ್ಲಿ ಹೊಸ ಚರ್ಮ. ಗಾಯ ಮಾಯಿತು ಎಂದರೆ ತೊಂದರೆ ಮುಗಿಯಿತು ಎಂದೇ ಅರ್ಥ. ಆದರೆ ನಮ್ಮ ಮೈಯಲ್ಲಿ ಒಂದು ಜಾಗವಿದೆ. ಅಲ್ಲಿ ಕೆಲವೊಮ್ಮೆ ಗಾಯ ಮಾಯ್ದುಬಿಡುವುದೇ ತೊಂದರೆ! ಮಾಯ್ದ ಜಾಗವನ್ನು ವೈದ್ಯರು ಮತ್ತೆ ಕೆರೆದು ಹಸಿ ಗಾಯ ಮಾಡಬೇಕಾಗುತ್ತದೆ. ಅದು ಯಾವ ಜಾಗ ಗೊತ್ತೆ? ಕಿವಿಯ ತಮಟೆ.

ಊರ ತಮಟೆ, ಕಿವಿಯ ತಮಟೆ

ಊರ ಹಬ್ಬದಲ್ಲಿ ತಮಟೆ ಬಾರಿಸುವವರನ್ನು ನೀವು ನೋಡಿರುತ್ತೀರಿ. ಬಾರಿಸುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದಾಗ ಚರ್ಮ ಬಿಗಿಯಾಗಿ ಸದ್ದು ಗಟ್ಟಿಯಾಗಿ ಹೊರಡುತ್ತದೆ. ಕಿವಿಯೊಳಗಿನ ತಮಟೆಯೂ ಬಿಗಿದ ಪೊರೆಯೇ. ಆದರೆ ಅದರ ಕೆಲಸ ತಿರುವುಮುರುವು. ಊರ ತಮಟೆ ಅದುರಿ ಸದ್ದು ಮಾಡುತ್ತದೆ; ಕಿವಿಯ ತಮಟೆ ಸದ್ದು ಬಂದಾಗ ಅದುರುತ್ತದೆ. ಕರ್ಣಪಟಲ ಎಂದೂ ಅದನ್ನು ಕರೆಯುತ್ತಾರೆ.

ದೊಡ್ಡವರಲ್ಲಿ ಇದು ಕಿವಿಯ ರಂಧ್ರದಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಇರುತ್ತದೆ. ಅಡ್ಡಳತೆ 8ರಿಂದ 10 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಬೆರಳ ನಡುವೆ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಸೋಜಿಗ: ಮಗು ಹುಟ್ಟಿದಾಗಲೇ ತಮಟೆ ಹತ್ತಿರ ಹತ್ತಿರ ಪೂರ್ತಿ ಗಾತ್ರಕ್ಕೆ ಬೆಳೆದಿರುತ್ತದೆ. ನಿಮ್ಮ ತಮಟೆಗೂ ನಿಮ್ಮ ಅಜ್ಜನ ತಮಟೆಗೂ ಅಳತೆಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ.

ಇಷ್ಟು ತೆಳುವಾದ ಪೊರೆಯಲ್ಲಿಯೂ ಮೂರು ಪದರಗಳಿವೆ. ಹೊರಗಿನದು ಚರ್ಮ. ನಡುವಿನದು ನಾರಿನಂಥ ಎಳೆಗಳಿಂದ ನೇಯ್ದ ಗಟ್ಟಿ ಪದರ. ಒಳಗಿನದು ನಮ್ಮ ಮೂಗು, ಗಂಟಲುಗಳ ಒಳಗೆ ಇರುವಂಥ ತೇವದ ಲೋಳೆಪೊರೆ. ಈ ಮೂರನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇವುಗಳದ್ದೇ.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅದೇ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಕೊಂಡಿಯಂತೆ ಜೋಡಿಸಿಕೊಂಡಿವೆ. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ ಕೊನೆಯ ಮೂಳೆ ನಮ್ಮ ದೇಹದ ಅತಿ ಚಿಕ್ಕ ಮೂಳೆ. ಉದ್ದ ಸುಮಾರು 3 ಮಿಲಿಮೀಟರ್. ತಮಟೆ ಅದುರಿದರೆ ಸುತ್ತಿಗೆ ಅಲುಗುತ್ತದೆ, ಸುತ್ತಿಗೆಯಿಂದ ಅಡಿಗಲ್ಲು, ಅಡಿಗಲ್ಲಿನಿಂದ ರಿಕಾಪು. ರಿಕಾಪಿನ ಪಾದ ಒಳಗಿವಿಯ ಕಿಟಕಿಯನ್ನು ತಳ್ಳುತ್ತದೆ. ಒಳಗಿವಿಯಲ್ಲಿ ಇರುವುದು ಗಾಳಿಯಲ್ಲ, ದ್ರವ.

ಇಲ್ಲೊಂದು ತೊಡಕಿದೆ. ಕೆರೆಯಲ್ಲಿ ಮುಳುಗು ಹಾಕಿದಾಗ ದಡದ ಮೇಲಿನ ಗೆಳೆಯರ ಕೂಗು ಹೇಗೆ ಕೇಳಿಸುತ್ತದೆ? ಬಹಳ ಮಂದವಾಗಿ. ಗಾಳಿಯಲ್ಲಿ ಬಂದ ಸದ್ದು ನೀರಿನ ಮೈಗೆ ತಾಗಿ ಹೆಚ್ಚಿನ ಪಾಲು ಹಿಂದಕ್ಕೆ ಪುಟಿದುಬಿಡುತ್ತದೆ. ಒಳಗಿವಿಯ ದ್ರವಕ್ಕೂ ಗಾಳಿಯ ಸದ್ದು ನೇರವಾಗಿ ಬಡಿದರೆ ಇದೇ ಗತಿ. ತಮಟೆ ಇರುವುದೇ ಈ ತೊಡಕನ್ನು ನಿವಾರಿಸಲು. ತಮಟೆಯ ಅದುರುವ ಭಾಗದ ವಿಸ್ತೀರ್ಣ ಸುಮಾರು 55 ಚದರ ಮಿಲಿಮೀಟರ್. ರಿಕಾಪಿನ ಪಾದದ್ದು ಸುಮಾರು 3.2. ದೊಡ್ಡ ಜಾಗದ ಮೇಲೆ ಬಿದ್ದ ಒತ್ತಡವನ್ನೆಲ್ಲ ಚಿಕ್ಕ ಜಾಗಕ್ಕೆ ತಂದರೆ ಒತ್ತಡ ಹೆಚ್ಚುತ್ತದೆ. ಮೊಳೆಯ ತಲೆಗೆ ಹೊಡೆದರೆ ಮೊನೆ ಮರದೊಳಕ್ಕೆ ಇಳಿಯುವುದು ಹೀಗೆಯೇ ಅಲ್ಲವೆ? ಭಾಗಿಸಿ ನೋಡಿ, ಸುಮಾರು 17 ಬರುತ್ತದೆ. ಮೂಳೆಗಳ ಸನ್ನೆಯ ಲಾಭ ಇನ್ನೊಂದಿಷ್ಟು ಸೇರಿ ಒಟ್ಟು 22ರಷ್ಟು ಪಟ್ಟು ಒತ್ತಡ ಹೆಚ್ಚಾಗುತ್ತದೆ.

ಮಾಡಿ ನೋಡಿ

ಒಂದು ಖಾಲಿ ಡಬ್ಬಿಯ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿ. ಹತ್ತಿರದಲ್ಲಿ ಊಟದ ತಟ್ಟೆಯೊಂದನ್ನು ಹಿಡಿದು ಚಮಚದಿಂದ ಜೋರಾಗಿ ಬಡಿಯಿರಿ. ಡಬ್ಬಿಯನ್ನು ಯಾರೂ ಮುಟ್ಟದಿದ್ದರೂ ಹರಳುಗಳು ಕುಣಿಯುತ್ತವೆ. ಈಗ ಹಾಳೆಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ತೂತು ಕತ್ತರಿಸಿ, ಉಳಿದ ಭಾಗದ ಮೇಲೆ ಸಕ್ಕರೆ ಹಾಕಿ ಮತ್ತೆ ಬಡಿಯಿರಿ. ಕುಣಿತದಲ್ಲಿ ಏನು ವ್ಯತ್ಯಾಸ? ಬರೆದಿಡಿ. ಹಾಳೆಯ ಬಿಗಿ ಕಡಿಮೆಯಾಗಿರುತ್ತದೆ. ಜೊತೆಗೆ ಸದ್ದಿನ ಅಲೆ ತೂತಿನ ಮೂಲಕ ಡಬ್ಬಿಯ ಒಳಕ್ಕೂ ನುಗ್ಗಿ ಹಾಳೆಯನ್ನು ಕೆಳಗಿನಿಂದಲೂ ತಳ್ಳುತ್ತದೆ. ಎರಡು ಕಡೆಯಿಂದ ತಳ್ಳಿದ ಬಾಗಿಲು ಎತ್ತ ಅಲುಗೀತು?

ತೂತಾದ ಕಿವಿಯ ತಮಟೆಯಲ್ಲಿ ನಡೆಯುವುದೂ ಇದೇ. ಸೂಜಿಮೊನೆಯಷ್ಟು ತೂತಾದರೆ ಕೇಳುವಿಕೆಗೆ ಅಷ್ಟೇನೂ ಧಕ್ಕೆಯಾಗದು. ತೂತು ದೊಡ್ಡದಾದಷ್ಟೂ ನಷ್ಟ ಹೆಚ್ಚು. ಅದು 40 ಡೆಸಿಬೆಲ್ ತನಕ ಹೋಗಬಹುದು. ಹತ್ತಿರ ಕೂತು ಆಡಿದ ಮಾತು ಪಿಸುಮಾತಿನಂತೆ ಕೇಳಿಸುತ್ತದೆ. ತರಗತಿಯ ಹಿಂದಿನ ಸಾಲಿನಲ್ಲಿ ಕೂತ ಇಂಥ ಮಗುವಿಗೆ ಕಪ್ಪುಹಲಗೆಯ ಕಡೆ ತಿರುಗಿ ಶಿಕ್ಷಕರು ಹೇಳಿದ ಅರ್ಧಕ್ಕರ್ಧ ಮಾತು ತಲುಪುವುದೇ ಇಲ್ಲ. ಉತ್ತರ ತಿಳಿಯದೆ ಸುಮ್ಮನಿರುವವನಿಗೂ ಪ್ರಶ್ನೆಯೇ ಕೇಳಿಸದೆ ಸುಮ್ಮನಿರುವವನಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ದಡ್ಡ ಎಂಬ ಹೆಸರು ಮಾತ್ರ ಇಬ್ಬರಿಗೂ ಬೀಳುತ್ತದೆ. ಇದು ಅನ್ಯಾಯ.

ತೂತು ಬೀಳುವುದು ಹೇಗೆ?

ಹೆಚ್ಚಿನ ಮಕ್ಕಳಲ್ಲಿ ಇದರ ಮೂಲ ನೆಗಡಿ. ನಡುಗಿವಿಯಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳವೆಂಬ ಕೊಳವೆಯೊಂದಿದೆ. ಘಾಟಿ ರಸ್ತೆಯಲ್ಲಿ ಬಸ್ಸು ಹತ್ತುವಾಗ ಕಿವಿ ಗವ್ವೆಂದು, ಉಗುಳು ನುಂಗಿದಾಗ ಟಪ್ ಎಂದು ಬಿಡುವುದು ಈ ನಾಳ ತೆರೆದುಕೊಳ್ಳುವುದರಿಂದ. ಚಿಕ್ಕ ಮಕ್ಕಳಲ್ಲಿ ಇದು ಗಿಡ್ಡ, ದೊಡ್ಡವರಿಗಿಂತ ಹೆಚ್ಚು ಅಡ್ಡವಾಗಿ ಮಲಗಿರುತ್ತದೆ. ಮೂಗು ಗಂಟಲುಗಳ ಸೋಂಕು ಸುಲಭವಾಗಿ ಮೇಲೇರಿ ನಡುಗಿವಿಯಲ್ಲಿ ಕೀವು ತುಂಬುತ್ತದೆ. ಕೀವಿನ ಒತ್ತಡಕ್ಕೆ ತಮಟೆ ಉಬ್ಬಿ, ಒಡೆದು, ಕಿವಿ ಸೋರತೊಡಗುತ್ತದೆ. ರಾತ್ರಿಯೆಲ್ಲ ನೋವಿನಿಂದ ಅತ್ತ ಮಗು ಬೆಳಗ್ಗೆ ಕಿವಿ ಸೋರುತ್ತಲೇ ಅಳು ನಿಲ್ಲಿಸುವುದುಂಟು. ಒತ್ತಡ ಇಳಿಯಿತು, ನೋವು ಹೋಯಿತು. ವಾಸಿಯಾಯಿತೆಂದು ಮನೆಯವರು ತಿಳಿಯುವುದು ಆಗಲೇ.

ಕೆನ್ನೆಗೆ, ಕಿವಿಗೆ ಸೇರಿಸಿ ಬಿಗಿದ ಏಟಿನಿಂದಲೂ ತಮಟೆ ಹರಿಯಬಹುದು. ಅಂಗೈ ಕಿವಿಯನ್ನು ಮುಚ್ಚಿದಂತೆ ಬಡಿದಾಗ ಒಳಗಿನ ಗಾಳಿ ಒಮ್ಮೆಲೇ ಒತ್ತಿಕೊಂಡು ತೆಳು ಪೊರೆಯನ್ನು ಸೀಳಿಬಿಡುತ್ತದೆ. ಆಟದಲ್ಲಾಗಲಿ ಶಿಕ್ಷೆಯಲ್ಲಾಗಲಿ ಕಿವಿಗೆ ಹೊಡೆಯಬಾರದು ಎನ್ನುವುದು ಇದಕ್ಕೆ. ಹತ್ತಿರದಲ್ಲಿ ಸಿಡಿದ ಪಟಾಕಿ, ಕಿವಿ ಕೆರೆಯಲು ಹಾಕಿದ ಹೇರ್‌ಪಿನ್ನು, ಬೆಂಕಿಕಡ್ಡಿ ಇವೂ ಕಾರಣಗಳು.

ಅಂದ ಹಾಗೆ ಗುಗ್ಗೆ ತೆಗೆಯಲು ಕಡ್ಡಿ ಹಾಕಲೇಬೇಕಾಗಿಲ್ಲ. ತಮಟೆಯ ಹೊರ ಪದರದ ಚರ್ಮ ಸುಮ್ಮನೆ ಕೂತಿರುವುದಿಲ್ಲ. ನಡುವಿನಿಂದ ಅಂಚಿಗೆ, ಅಂಚಿನಿಂದ ಕಿವಿಯ ಬಾಯಿಯ ಕಡೆಗೆ ದಿನಾ ಸರಿಯುತ್ತಿರುತ್ತದೆ. ತಮಟೆಯ ಮೇಲೆ ಮಸಿಯ ಚುಕ್ಕಿ ಇಟ್ಟು, ಅದು ಎತ್ತ ಹೋಗುತ್ತದೆ ಎಂದು ಕಾದು ನೋಡಿ ವಿಜ್ಞಾನಿಗಳು ಇದನ್ನು ತಿಳಿದುಕೊಂಡರು. ವೇಗ ದಿನಕ್ಕೆ ಸುಮಾರು 0.1 ಮಿಲಿಮೀಟರ್, ನಿಮ್ಮ ಕೈಬೆರಳ ಉಗುರು ಬೆಳೆಯುವಷ್ಟು. ಗುಗ್ಗೆ, ಧೂಳು ಎಲ್ಲ ಈ ತೇರಿನ ಮೇಲೆ ಕೂತು ಹೊರಗೆ ಬರುತ್ತವೆ.

ಮಾಯ್ದರೂ ಮುಚ್ಚದ ತೂತು

ಹೀಗೆ ಸರಿದಾಡುವ ಚರ್ಮವೇ ತಮಟೆಯ ರಿಪೇರಿಯನ್ನೂ ಮಾಡುತ್ತದೆ. ಏಟಿನಿಂದ ಹರಿದ ತಮಟೆ ಬಹುಪಾಲು ಕೆಲವು ವಾರಗಳಲ್ಲಿ, ತಪ್ಪಿದರೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಕಿವಿಗೆ ನೀರು ಹೋಗದಂತೆ, ಸೋಂಕು ತಗಲದಂತೆ ನೋಡಿಕೊಂಡರೆ ಸಾಕು.

ಹಾಗಿದ್ದರೆ ಕೆಲವು ತೂತುಗಳು ವರ್ಷಗಟ್ಟಲೆ ಏಕೆ ಉಳಿಯುತ್ತವೆ? ತೂತಿನ ಅಂಚನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರಗಿನ ಚರ್ಮ ಅಂಚಿನವರೆಗೆ ಬೆಳೆದು ಬಂತು. ಒಳಗಿನ ಲೋಳೆಪೊರೆಯೂ ಬಂತು. ತೂತು ದೊಡ್ಡದಾಗಿದ್ದರೆ, ಅಥವಾ ಪದೇ ಪದೇ ಕೀವು ಸುರಿದು ಅಡ್ಡಿಯಾದರೆ, ಅವು ಎದುರು ಬದಿಗೆ ದಾಟಲಾರವು. ಆಗ ಅಂಚನ್ನು ಸುತ್ತಿ ಒಂದಕ್ಕೊಂದು ಕೂಡಿಕೊಂಡುಬಿಡುತ್ತವೆ. ಬಟ್ಟೆಯಲ್ಲಿ ಕಾಜಾ ಮಾಡುವಾಗ ದರ್ಜಿ ಕತ್ತರಿಸಿದ ಅಂಚಿಗೆ ಸುತ್ತಲೂ ದಾರ ಹಾಕಿ ಮುಗಿಸುವುದಿಲ್ಲವೆ? ಹಾಗೆ. ಚರ್ಮಕ್ಕೆ ಲೋಳೆಪೊರೆ ಸಿಕ್ಕಿತು, ಬಯಲಾಗಿ ಉಳಿದ ಹಸಿ ಜಾಗ ಎಲ್ಲಿಯೂ ಇಲ್ಲ. ದೇಹದ ಲೆಕ್ಕದಲ್ಲಿ ಗಾಯ ಮಾಯಿತು. ತೂತು ಮಾತ್ರ ಹಾಗೆಯೇ ಉಳಿಯಿತು.

ತೂತು ಇದ್ದರೆ ಕೇಳಿಸುವುದು ಮಾತ್ರ ಕಡಿಮೆಯಾಗುವುದಿಲ್ಲ. ಸ್ನಾನದ ನೀರು, ಕೆರೆಯ ನೀರು ನಡುಗಿವಿಗೆ ಇಳಿಯುತ್ತದೆ, ಮತ್ತೆ ಸೋಂಕು, ಮತ್ತೆ ಸೋರುವುದು. ಕೆಲವು ಬಗೆಯ ಕಾಯಿಲೆಯಲ್ಲಿ ಸುಲಿದ ಚರ್ಮ ನಡುಗಿವಿಯೊಳಗೆ ಗಂಟಾಗಿ ಕೂಡಿಕೊಂಡು ಸುತ್ತಲಿನ ಮೂಳೆಯನ್ನೇ ತಿನ್ನುತ್ತ ಹೋಗುತ್ತದೆ. ಸ್ವಲ್ಪವೇ ಸೋರಿದರೂ ಕೆಟ್ಟ ವಾಸನೆ ಬರುವುದು ಅದರ ಗುರುತು. ಅದು ಮಿದುಳಿನ ತನಕ ತೊಂದರೆ ಒಡ್ಡಬಲ್ಲದು; ತಡಮಾಡುವಂತಿಲ್ಲ.

ಹಂದಿಯ ಮೂತ್ರಕೋಶದಿಂದ ಕಾಗದದವರೆಗೆ

ತೂತನ್ನು ಏನಾದರೂ ಇಟ್ಟು ಮುಚ್ಚಿದರಾಯಿತು ಎಂಬ ಯೋಚನೆ ಹಳೆಯದು. 1640ರಲ್ಲಿ ಜರ್ಮನಿಯ ಮಾರ್ಕಸ್ ಬಾನ್ಜರ್ ಎಂಬ ವೈದ್ಯ, ಎಲ್ಕ್ ಎಂಬ ದೊಡ್ಡ ಜಿಂಕೆಯ ಗೊರಸಿನಿಂದ ಕೊಳವೆ ಮಾಡಿ, ಅದರ ತುದಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ಕಿವಿಯೊಳಗೆ ಇಡುವ ಉಪಾಯ ಹೇಳಿದ್ದ. 1853ರಲ್ಲಿ ಲಂಡನ್ನಿನ ಜೋಸೆಫ್ ಟೊಯ್ನ್‌ಬೀ ತೆಳು ರಬ್ಬರಿನ ಬಿಲ್ಲೆಗೆ ಬೆಳ್ಳಿಯ ತಂತಿ ಸಿಕ್ಕಿಸಿ ಕೃತಕ ತಮಟೆ ಮಾಡಿದ. ಇವೆಲ್ಲ ಹಾಕಿ ತೆಗೆಯುವ ಮುಚ್ಚಳಗಳು. ತೆಗೆದರೆ ತೂತು ಅಲ್ಲಿಯೇ ಇರುತ್ತಿತ್ತು.

ನಿಜವಾದ ತಿರುವು 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂತು. ಅಮೆರಿಕದ ಬಾಸ್ಟನ್ನಿನಲ್ಲಿ ಕ್ಲಾರೆನ್ಸ್ ಬ್ಲೇಕ್ ಎಂಬ ವೈದ್ಯ ಚಿಕ್ಕ ತೂತುಗಳ ಮೇಲೆ ಕಾಗದದ ಚೂರು ಅಂಟಿಸಿದ. ಕಾಗದ ಬರೀ ಮುಚ್ಚಳವಾಗಲಿಲ್ಲ, ಸೇತುವೆಯಾಯಿತು. ಅದನ್ನು ಹಿಡಿದುಕೊಂಡು ಚರ್ಮ ಆಚೆಗೆ ದಾಟಿತು! ಸಣ್ಣ ತೂತುಗಳಿಗೆ ಕಾಗದದ ತೇಪೆಯನ್ನು ಇಂದಿಗೂ ಬಳಸುವುದುಂಟು. 1878ರಲ್ಲಿ ಜರ್ಮನಿಯ ಎಮಿಲ್ ಬರ್ತೋಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ತಮಟೆಗೆ ಅಂಟುಪಟ್ಟಿ ಹಚ್ಚಿ ಮೂರು ದಿನ ಬಿಟ್ಟು, ಮೇಲಿನ ಚರ್ಮ ಸುಲಿದು ಹಸಿಯಾದ ಮೇಲೆ, ರೋಗಿಯದೇ ಚರ್ಮದ ಚೂರನ್ನು ಕಸಿ ಮಾಡಿದ. ಮೊದಲು ಹಸಿ ಮಾಡು, ಆಮೇಲೆ ತೇಪೆ ಹಾಕು. ಇವತ್ತಿನ ಶಸ್ತ್ರಚಿಕಿತ್ಸೆಯ ಜೀವಾಳ ಇದೇ.

ಆದರೆ ಬರಿಗಣ್ಣಿಗೆ ಸರಿಯಾಗಿ ಕಾಣದ ಜಾಗದಲ್ಲಿ ಕೈ ಆಡಿಸುವುದು ಹೇಗೆ? 1921ರಲ್ಲಿ ಸ್ವೀಡನ್ನಿನ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ಬಳಸಿದ. 1953ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಉತ್ತಮ ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕ ಬಂತು. ಅದೇ ದಶಕದಲ್ಲಿ ಜರ್ಮನಿಯ ಹೋರ್ಸ್ಟ್ ವುಲ್‌ಸ್ಟೈನ್ ಮತ್ತು ಫ್ರಿಟ್ಸ್ ಜೋಲ್ನರ್ ತಮಟೆಯನ್ನೂ ಅದರ ಹಿಂದಿನ ಮೂಳೆಗಳ ಕೊಂಡಿಯನ್ನೂ ಸರಿಪಡಿಸುವ ವಿಧಾನಗಳನ್ನು ರೂಪಿಸಿದರು. ಟಿಂಪನೋಪ್ಲಾಸ್ಟಿ ಎಂಬ ಹೆಸರು ಬಳಕೆಗೆ ಬಂದದ್ದು ಆಗ. ಅವರು ಮೊದಲು ಬಳಸಿದ್ದು ಚರ್ಮದ ತೇಪೆ. ಅದು ಕಿವಿಯೊಳಗೆ ತೇವಗೊಂಡು ಕೆಡುತ್ತಿತ್ತು, ಎಷ್ಟೋ ಸಲ ಮತ್ತೆ ತೂತು ಬೀಳುತ್ತಿತ್ತು. ಬೇರೆ ಬಟ್ಟೆ ಹುಡುಕಬೇಕಾಯಿತು. ಅದು ಸಿಕ್ಕಿದ್ದು ಕಿವಿಯ ಪಕ್ಕದಲ್ಲೇ!

ತೇಪೆಯ ಬಟ್ಟೆ ಎಲ್ಲಿದೆ?

ನಿಮ್ಮ ಎರಡು ಬೆರಳನ್ನು ಕಿವಿಯ ಸ್ವಲ್ಪ ಮೇಲೆ, ಕಣತಲೆಯ ಹತ್ತಿರ ಇಟ್ಟುಕೊಳ್ಳಿ. ಈಗ ಹಲ್ಲು ಕಚ್ಚಿ ಬಿಡಿ, ಮತ್ತೆ ಕಚ್ಚಿ. ಬೆರಳ ಕೆಳಗೆ ಏನೋ ಉಬ್ಬಿ ಇಳಿಯುತ್ತದಲ್ಲವೆ? ಅದು ಅಗಿಯಲು ನೆರವಾಗುವ ಸ್ನಾಯು. ಅದರ ಮೇಲೆ ಬಿಳಿಯ, ತೆಳುವಾದ, ಗಟ್ಟಿ ಹೊದಿಕೆಯೊಂದಿದೆ. ಅದರಿಂದ ಒಂದು ಚೂರು ತೆಗೆದರೆ ಅಗಿಯಲು ಏನೂ ತೊಂದರೆಯಿಲ್ಲ. 1950ರ ದಶಕದ ಕೊನೆಯಿಂದ ಬಳಕೆಗೆ ಬಂದ ಈ ಸ್ನಾಯುಪೊರೆಯನ್ನೇ ಇಂದಿಗೂ ಹೆಚ್ಚಿನ ವೈದ್ಯರು ಬಳಸುತ್ತಾರೆ. ಕಿವಿಯ ಬಾಯಿಯ ಮುಂದಿರುವ ಪುಟ್ಟ ದಿಬ್ಬದ ಮೃದ್ವಸ್ಥಿಯನ್ನು ಬಳಸುವುದೂ ಇದೆ.

ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟು ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನೋವು ತಿಳಿಯದು. ತೆಗೆದ ಸ್ನಾಯುಪೊರೆಯನ್ನು ಚಪ್ಪಟೆಯಾಗಿ ಹರಡಿ ಒಣಗಲು ಬಿಡುತ್ತಾರೆ. ಅದು ಹಪ್ಪಳದಂತೆ ಗರಿಗರಿಯಾಗುತ್ತದೆ. ಆಗ ಬೇಕಾದ ಅಳತೆಗೆ ಕತ್ತರಿಸುವುದು ಸುಲಭ. ಅಷ್ಟರಲ್ಲಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಮೊನಚಾದ ಸಣ್ಣ ಉಪಕರಣದಿಂದ ತೂತಿನ ಅಂಚನ್ನು ಸುತ್ತಲೂ ಕತ್ತರಿಸಿ ತೆಗೆಯುತ್ತಾರೆ. ಕಾಜಾದ ದಾರ ಬಿಚ್ಚಿದಂತಾಯಿತು. ಮಾಯ್ದ ಗಾಯ ಮತ್ತೆ ಹಸಿಯಾಯಿತು. ತೂತು ಮೊದಲಿಗಿಂತ ಕೊಂಚ ದೊಡ್ಡದೇ ಆಯಿತು!

ಆಮೇಲೆ ಕಿವಿಯ ನಾಳದ ಚರ್ಮವನ್ನು ಒಂದು ಕಡೆ ಕೊಯ್ದು, ತಮಟೆಯನ್ನು ಪುಸ್ತಕದ ಹಾಳೆ ಮಗುಚಿದಂತೆ ಮೆಲ್ಲಗೆ ಮಗುಚುತ್ತಾರೆ. ನಡುಗಿವಿಯ ಮೂಳೆಗಳು ಕಾಣುತ್ತವೆ. ಅವು ಸರಿಯಾಗಿ ಅಲುಗುತ್ತಿವೆಯೇ ಎಂದು ಮುಟ್ಟಿ ನೋಡಿ, ತೇಪೆಯನ್ನು ತೂತಿನ ಒಳಬದಿಗೆ ಹರಡಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ತೇಪೆಗೆ ಹೊಲಿಗೆ ಹಾಕುವುದಿಲ್ಲ. ಇಷ್ಟು ತೆಳುವಾದದ್ದನ್ನು ಹೊಲಿಯುವುದಾದರೂ ಹೇಗೆ? ಜೆಲಾಟಿನ್ ಎಂಬ ಪದಾರ್ಥದಿಂದ ಮಾಡಿದ ಮೆತ್ತನೆಯ ಸ್ಪಂಜಿನ ಚೂರುಗಳನ್ನು ಒಳಗೂ ಹೊರಗೂ ಒತ್ತಾಗಿ ಇಡುತ್ತಾರೆ. ತೇಪೆ ಅಲುಗದೆ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಸ್ಪಂಜು ತಾನಾಗಿಯೇ ಕರಗಿಹೋಗುತ್ತದೆ. ಒಂದೆರಡು ಗಂಟೆಯ ಕೆಲಸ ಇದು. ಈಗ ಎಷ್ಟೋ ಕಡೆ ಎಂಡೋಸ್ಕೋಪು ಎಂಬ ತೆಳು ಕೊಳವೆಯನ್ನು ಕಿವಿಯೊಳಗೇ ತೂರಿಸಿ, ಕಿವಿಯ ಹಿಂದೆ ಕೊಯ್ಯದೆಯೂ ಮಾಡುತ್ತಾರೆ.

ಇನ್ನು ಮುಂದಿನ ಕೆಲಸ ವೈದ್ಯರದ್ದಲ್ಲ. ಅವರೆಕಾಯಿ ಬಳ್ಳಿಗೆ ಚಪ್ಪರ ಹಾಕುತ್ತೇವೆ. ಚಪ್ಪರ ಬೆಳೆಯುವುದಿಲ್ಲ, ಬಳ್ಳಿ ಬೆಳೆಯುತ್ತದೆ. ಸ್ನಾಯುಪೊರೆಯೂ ಹಾಗೆ ಒಂದು ಚಪ್ಪರ. ಅದರ ಹೊರಮೈ ಮೇಲೆ ಹಸಿ ಅಂಚಿನಿಂದ ಚರ್ಮ ಹಬ್ಬುತ್ತದೆ, ಒಳಮೈ ಮೇಲೆ ಲೋಳೆಪೊರೆ ಹಬ್ಬುತ್ತದೆ. ಅಂಚಿನಿಂದ ಹೊಸ ರಕ್ತನಾಳಗಳು ತೇಪೆಯೊಳಕ್ಕೆ ಇಳಿಯುತ್ತವೆ. ಅದುವರೆಗೆ ಸುತ್ತಲಿನ ತೇವದಿಂದಲೇ ತೇಪೆ ದಿನ ಕಳೆಯುತ್ತದೆ. ಅದಕ್ಕೆ ಬೇಕಾದ ಆಹಾರ ಬಹಳ ಕಡಿಮೆ. ಚರ್ಮಕ್ಕಿಂತ ಇದು ಚೆನ್ನಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ. ನೂರರಲ್ಲಿ ಎಂಬತ್ತರಿಂದ ತೊಂಬತ್ತು ತೇಪೆಗಳು ಸಾಮಾನ್ಯವಾಗಿ ಕಚ್ಚಿಕೊಳ್ಳುತ್ತವೆ. ಕಚ್ಚದಿದ್ದರೆ ಇನ್ನೊಮ್ಮೆ ಮಾಡಬಹುದು.

ತೀರ ಎಳೆಯ ಮಕ್ಕಳಿಗೆ ನೆಗಡಿ ಹೆಚ್ಚು, ಯೂಸ್ಟೇಶಿಯನ್ ನಾಳವೂ ಬಲಿತಿರುವುದಿಲ್ಲ. ಆದ್ದರಿಂದ ಮಗುವಿಗೆ ಏಳೆಂಟು ವರ್ಷವಾಗುವ ತನಕ ಕಾಯುವ ವೈದ್ಯರು ಅನೇಕರು. ಅದಕ್ಕೂ ಮೊದಲೇ ಮಾಡುವವರೂ ಇದ್ದಾರೆ.

ಸೀನು ಬಂದರೆ ಬಾಯಿ ತೆರೆ

ಮನೆಗೆ ಬಂದ ಮೇಲಿನ ಕೆಲವು ವಾರಗಳು ಮುಖ್ಯ. ಜೋರಾಗಿ ಮೂಗು ಸೀಟಬಾರದು. ಸೀಟಿದರೆ ಗಾಳಿ ಯೂಸ್ಟೇಶಿಯನ್ ನಾಳದ ಮೂಲಕ ನುಗ್ಗಿ ತೇಪೆಯನ್ನು ಒಳಗಿನಿಂದ ತಳ್ಳುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತಲೆಗೆ ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯಿಂದ ಕಿವಿಯ ಬಾಯಿ ಮುಚ್ಚಬೇಕು. ಈಜು, ಕುಸ್ತಿ, ಭಾರ ಹೊರುವುದು ವೈದ್ಯರು ಹೇಳುವ ತನಕ ಬೇಡ. ಸುಮಾರು ಮೂರು ತಿಂಗಳ ಹೊತ್ತಿಗೆ ತೇಪೆ ಕೂತಿದೆಯೇ, ಕೇಳುವಿಕೆ ಎಷ್ಟು ಸುಧಾರಿಸಿದೆ ಎಂದು ಪರೀಕ್ಷಿಸುತ್ತಾರೆ.

ಆ ಪರೀಕ್ಷೆಯ ಒಂದು ಭಾಗವನ್ನು ನೀವೂ ಮಾಡಬಹುದು. ಬಲಗಿವಿಯನ್ನು ಬೆರಳಿನಿಂದ ಮುಚ್ಚಿ, ಬಾಯಿ ಮುಚ್ಚಿಕೊಂಡು ‘ಮ್‌ಮ್‌ಮ್’ ಎಂದು ಗುನುಗಿ. ಸದ್ದು ಯಾವ ಕಿವಿಯಲ್ಲಿ ಜೋರು? ಮುಚ್ಚಿದ ಕಿವಿಯಲ್ಲಿ! ತಲೆಯ ಮೂಳೆಯ ಮೂಲಕ ಬಂದ ಸದ್ದು ಗಾಳಿಯ ದಾರಿ ಕಟ್ಟಿದ ಕಿವಿಯಲ್ಲೇ ಗಟ್ಟಿಯಾಗಿ ಕೇಳಿಸುತ್ತದೆ. ವೈದ್ಯರು ಶ್ರುತಿಕವೆಯನ್ನು ಬಡಿದು ಹಣೆಯ ಮೇಲೆ ಇಟ್ಟಾಗಲೂ ಹೀಗೆಯೇ. ತೂತಾದ ತಮಟೆಯ ಕಡೆಗೇ ಸದ್ದು ಜೋರು ಎಂದು ಮಗು ಹೇಳಿದರೆ ತೊಂದರೆ ತಮಟೆಯಲ್ಲಿ ಅಥವಾ ಮೂಳೆಗಳಲ್ಲಿದೆ, ಒಳಗಿವಿಯ ನರ ಚೆನ್ನಾಗಿದೆ ಎಂದು ಊಹಿಸಬಹುದು. ತೇಪೆಯಿಂದ ಪ್ರಯೋಜನವಾಗುವುದು ಇಂಥ ಕಿವಿಗೇ.

ಶಿಕ್ಷಕರಿಗೆ

ಕಿವಿ ಸೋರುವ ಮಗುವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಸೊಪ್ಪಿನ ರಸ ಹಾಕುವ ರೂಢಿ ಇನ್ನೂ ಇದೆ. ತಮಟೆ ತೂತಾಗಿದ್ದರೆ ಅದು ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಬೇಡವೆಂದು ಪೋಷಕರಿಗೆ ಹೇಳಿ. ಕಿವಿ ಒಣಗಿರುವಂತೆ ನೋಡಿಕೊಂಡು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲು ತಿಳಿಸಿ.

ಕೇಳುವಿಕೆಯನ್ನು ತರಗತಿಯಲ್ಲೇ ಸ್ಥೂಲವಾಗಿ ನೋಡಬಹುದು. ಸದ್ದಿಲ್ಲದ ಕೋಣೆಯಲ್ಲಿ ಮಗುವಿನ ಹಿಂದೆ ಒಂದು ಮಾರು ಬೇಡ, ಕೈ ಚಾಚಿದಷ್ಟು ದೂರದಲ್ಲಿ ನಿಲ್ಲಿ. ತುಟಿ ನೋಡಿ ಊಹಿಸದಿರಲಿ ಎಂದೇ ಹಿಂದೆ ನಿಲ್ಲುವುದು. ಮಗು ಒಂದು ಕಿವಿಯ ಮುಂದಿನ ದಿಬ್ಬವನ್ನು ಬೆರಳಿನಿಂದ ಒತ್ತಿ ಉಜ್ಜುತ್ತಿರಲಿ. ನೀವು ಉಸಿರು ಪೂರ್ತಿ ಬಿಟ್ಟು, ‘ನಾಲ್ಕು, ಕ, ಎರಡು’ ಎಂಬಂತೆ ಮೂರನ್ನು ಪಿಸುಗುಟ್ಟಿ, ತಿರುಗಿ ಹೇಳಿಸಿ. ತಪ್ಪಿದರೆ ಬೇರೆ ಮೂರನ್ನು ಹೇಳಿ ಇನ್ನೊಮ್ಮೆ. ಆಮೇಲೆ ಇನ್ನೊಂದು ಕಿವಿ. ಎರಡು ಸಲ ಸೇರಿ ಅರ್ಧದಷ್ಟನ್ನೂ ಹೇಳಲಾಗದ ಮಗುವಿನ ಹೆಸರು, ಯಾವ ಕಿವಿ, ಸೋರುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳ ಕಿವಿ ಸೋರುವಿಕೆ, ಕೇಳುವಿಕೆಯ ದೋಷ ಎರಡನ್ನೂ ತಪಾಸಣೆಗೆ ಸೇರಿಸಲಾಗಿದೆ. ವೈದ್ಯರ ತಂಡ ಶಾಲೆಗೆ ಬಂದ ದಿನ ಆ ಪಟ್ಟಿಯನ್ನು ಅವರ ಕೈಗೆ ಕೊಡಿ. ಅಲ್ಲಿಯವರೆಗೆ ಆ ಮಗುವನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆಗೆ ಬರುವಂತೆ ಕೂರಿಸಿ.